ಎಸೆಯುವವನಿಗೊಬ್ಬ ಹಿಡಿಯುವವನು

ಸಿಯಾಟಲ್ ನಗರದ ಪೈಕ್ ಸ್ಟ್ರೀಟ್ ಇಳಿಜಾರಿನ ರಸ್ತೆ. ಕಡಲಿನ ಕಡೆಗೆ ಇಳಿಯುತ್ತ ಹೋಗಿ, ಇನ್ನೇನು ನೀರು ಕಂಡಿತು ಎನ್ನುವಷ್ಟರಲ್ಲಿ ಒಂದು ದೊಡ್ಡ ಗಡಿಯಾರ ಎದುರಾಗುತ್ತದೆ. ಗಡಿಯಾರದ ಪಕ್ಕ ಕೆಂಪು ನಿಯಾನ್ ಅಕ್ಷರಗಳು: ‘ಪಬ್ಲಿಕ್ ಮಾರ್ಕೆಟ್ ಸೆಂಟರ್’. ಕೆಳಗೊಂದು ಕಂಚಿನ ಹಂದಿ. ಹೆಸರು ರೇಚಲ್, ಶಿಲ್ಪಿ ಜಾರ್ಜಿಯಾ ಗರ್ಬರ್, ಇಲ್ಲಿಗೆ ಬಂದದ್ದು 1986ರಲ್ಲಿ, ತೂಕ 550 ಪೌಂಡು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್. ಬೆನ್ನ ಮೇಲೆ ಹುಂಡಿಯ ಸೀಳಿದೆ. ಹಾಕಿದ ಕಾಸು ಮಾರುಕಟ್ಟೆಯ ಪ್ರತಿಷ್ಠಾನಕ್ಕೆ ಸೇರಿ ಇಲ್ಲಿನ ಚಿಕಿತ್ಸಾಲಯ, ಶಿಶುವಿಹಾರ, ಹಿರಿಯರ ಕೇಂದ್ರಗಳಿಗೆ ನೆರವಾಗುತ್ತದೆ. ಹಂದಿಯ ಮೇಲೆ ಸದಾ ಒಂದು ಮಗು, ಅದರೆದುರು ಸದಾ ಮೊಬೈಲ್ ಹಿಡಿದ ಒಬ್ಬ ಅಪ್ಪ. ಇವರನ್ನು ದಾಟಿದರೆ ಪೈಕ್ ಪ್ಲೇಸ್ ಫಿಶ್ ಮಾರ್ಕೆಟ್.

ಹೆಸರಿನಲ್ಲಿ ಮಾರ್ಕೆಟ್ ಇದ್ದರೂ ಇದು ಒಂದೇ ಅಂಗಡಿ. 1930ರಿಂದ ಇದೇ ಹೆಸರಿನಲ್ಲಿ ಮೀನು ಮಾರುತ್ತಿದೆ. ಮೂಲೆಯ ಜಾಗ, ಎರಡು ಕಡೆ ಬಯಲು, ಎದುರು ಮಂಜುಗಡ್ಡೆಯ ಪುಡಿಯ ಇಳಿಜಾರು ಕಟ್ಟೆ, ಹಿಂದೆ ಎತ್ತರದ ಕೌಂಟರು. ಕೆಲಸದ ಜಾಗದಲ್ಲಿ ಹುರುಪು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಬ್ಯಾಂಕುಗಳು, ಆಸ್ಪತ್ರೆಗಳು, ದೊಡ್ಡ ದೊಡ್ಡ ಕಂಪನಿಗಳು ಈ ಮೀನಂಗಡಿಯ ಕಡೆ ತಿರುಗಿ ನೋಡತೊಡಗಿ ಇಪ್ಪತ್ತೈದು ವರ್ಷ ಮೀರಿದೆ.

ನನ್ನನ್ನು ಕರೆತಂದವಳು ಅಣ್ಣನ ಮಗಳು. ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಸುತ್ತಿನ ಕನ್ನಡದ ಮನೆಗಳಲ್ಲಿ ಊರಿಂದ ಬಂದವರನ್ನು ತಿರುಗಿಸುವುದಕ್ಕೊಂದು ಕ್ರಮವಿದೆ: ಸ್ಪೇಸ್ ನೀಡಲ್, ಬೋಯಿಂಗ್ ಕಾರ್ಖಾನೆ, ಮೌಂಟ್ ರೇನಿಯರ್, ಮತ್ತೆ ಇದು. ಸಸ್ಯಾಹಾರಿಗಳಿಗೂ ವಿನಾಯಿತಿ ಇಲ್ಲ, ಅವರು ಮೂಗು ಮುಚ್ಚಿಕೊಂಡು ನೋಡಬಹುದು. ನಾವು ಕುಂದಾಪುರದವರು, ಮೂಗು ಮುಚ್ಚುವ ಪ್ರಶ್ನೆ ಏಳಲಿಲ್ಲ. ಮುಚ್ಚುವಂಥ ವಾಸನೆಯೂ ಇರಲಿಲ್ಲ. ಅಷ್ಟು ಮಂಜುಗಡ್ಡೆ, ಅಷ್ಟು ನೀರು.

ಕಟ್ಟೆಯ ಮೇಲೆ ಕಿಂಗ್ ಸಾಲ್ಮನ್‌ಗಳನ್ನು ಒಂದೇ ದಿಕ್ಕಿಗೆ ತಲೆ ಮಾಡಿ ಮಲಗಿಸಿದ್ದಾರೆ. ಪಕ್ಕದಲ್ಲಿ ಕೆಂಪು ಮಾಂಸದ ಸಾಕೈ, ಚಪ್ಪಟೆ ಹ್ಯಾಲಿಬಟ್, ರಾಶಿ ರಾಶಿ ಡಂಜನೆಸ್ ಏಡಿ, ಅಲಾಸ್ಕದ ರಾಜ ಏಡಿಯ ಮುಳ್ಳು ಕಾಲುಗಳು. ಉದ್ದ ಸೊಂಡಿಲು ಹೊರಚಾಚಿದ ಗೂಯಿಡಕ್ ಎಂಬ ಚಿಪ್ಪುಜೀವಿಯೂ ಇದೆ, ನಮ್ಮ ಮರುವಾಯಿಯ ದೂರದ ಬಳಗ. ಕಿತ್ತಳೆ ಬಣ್ಣದ ರಬ್ಬರ್ ಉಡುಪು, ರಬ್ಬರ್ ಬೂಟು ತೊಟ್ಟ ನಾಲ್ಕೈದು ಜನ ಕಟ್ಟೆಯ ಮುಂದೆ, ಗಿರಾಕಿಗಳ ನಡುವೆಯೇ ಓಡಾಡುತ್ತಾರೆ. ಕೌಂಟರಿನ ಹಿಂದೆ ಇನ್ನು ಕೆಲವರು.

ಒಬ್ಬ ಗಿರಾಕಿ ಬೆರಳು ತೋರಿಸಿದ. ಮುಂದಿದ್ದ ಹುಡುಗ ಆ ಮೀನನ್ನೆತ್ತಿ ಕೂಗಿದ: ಒಂದು ಸಾಲ್ಮನ್, ಮಿನೆಸೋಟಕ್ಕೆ! ಅಂಗಡಿಯಲ್ಲಿದ್ದ ಅಷ್ಟೂ ಜನ, ಏಡಿ ತೂಗುತ್ತಿದ್ದವನು, ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದವನು, ಎಲ್ಲರೂ ಒಂದೇ ಗಂಟಲಲ್ಲಿ ಅದನ್ನೇ ಮತ್ತೆ ಕೂಗಿದರು. ಮೀನು ನಮ್ಮ ತಲೆಯ ಮೇಲಿಂದ ಹಾರಿತು. ಕೌಂಟರಿನ ಹಿಂದಿದ್ದವನು ಎರಡೂ ಕೈಯಲ್ಲಿ ಕಾಗದ ಹರಡಿ ನಿಂತಿದ್ದ. ಹಿಡಿದ, ಸುತ್ತಿದ, ತಕ್ಕಡಿಗೆ ಹಾಕಿದ.

“ಚಿಕ್ಕಪ್ಪ, ಸ್ವಲ್ಪ ಈಚೆ ಬನ್ನಿ. ನೀರು ಸಿಡಿಯುತ್ತೆ,” ಅಂದಳು ಹುಡುಗಿ. ಅಷ್ಟರಲ್ಲಿ ಸಿಡಿದಾಗಿತ್ತು.

ಇದೆಲ್ಲ ಪ್ರವಾಸಿಗರಿಗಾಗಿ ಕಟ್ಟಿದ ಆಟ ಎಂದು ನಾನು ಅಂದುಕೊಂಡೇ ಹೋಗಿದ್ದೆ. ಮೂಲ ಬೇರೆ. ಮೀನು ಇರುವುದು ಮುಂದೆ, ತಕ್ಕಡಿ ಮತ್ತು ಕಾಗದ ಇರುವುದು ಹಿಂದೆ. ಗಿರಾಕಿ ಆರಿಸಿದ್ದನ್ನು ಎತ್ತಿಕೊಂಡು ಇಡೀ ಕಟ್ಟೆ ಸುತ್ತಿ ಹಿಂದಕ್ಕೆ ಹೋಗಬೇಕು, ತೂಗಿಸಿ ಕಟ್ಟಿಸಿಕೊಂಡು ಮತ್ತೆ ಸುತ್ತಿ ಬರಬೇಕು. ದಿನಕ್ಕೆ ಇದನ್ನೆಷ್ಟು ಸಲ ಮಾಡಿಯಾನು ಮನುಷ್ಯ? ಕಾಲು ಉಳಿಸಿಕೊಳ್ಳಲು ಎಸೆಯತೊಡಗಿದರು. ಜನ ನಿಂತು ನೋಡತೊಡಗಿದ್ದು ಆಮೇಲೆ.

ಮಂಗಳೂರು ಹಂಚಿನ ಲಾರಿ ಖಾಲಿ ಮಾಡುವವರ ಸಾಲನ್ನು ಕಂಡವರಿಗೆ ಈ ಎಸೆತದ ಒಳಗುಟ್ಟು ಬೇಗ ಹೊಳೆಯುತ್ತದೆ. ಎಸೆಯುವವನ ಕಣ್ಣು ಹಂಚಿನ ಮೇಲಿರುವುದಿಲ್ಲ, ಮುಂದಿನವನ ಕೈ ಮೇಲಿರುತ್ತದೆ. ಸಾಲಿನಲ್ಲಿ ಒಬ್ಬ ಅತ್ತ ನೋಡಿದರೆ ಹಂಚು ಚೂರು. ಇಲ್ಲಿಯೂ ಅಷ್ಟೆ. ಹತ್ತು ಕಿಲೊ ತೂಗಬಲ್ಲ, ಜಾರುವ, ದುಬಾರಿ ಮೀನೊಂದು ನಿಮ್ಮ ಕಡೆ ಹಾರಿ ಬರುತ್ತದೆ ಎಂದು ಗೊತ್ತಿದ್ದರೆ ನೀವು ಮೊಬೈಲ್ ನೋಡುತ್ತ ನಿಲ್ಲಲಾರಿರಿ. ಕೂಗಿಗೂ ಒಂದು ಕೆಲಸವಿದೆ. ಒಬ್ಬ ಕೂಗಿದ್ದನ್ನು ಎಲ್ಲರೂ ಮರುಕೂಗಿದರೆ ಏನು ಮಾರಾಟವಾಯಿತು, ಎಲ್ಲಿಗೆ ಹೋಗಬೇಕು, ಪೆಟ್ಟಿಗೆಗೆ ಮಂಜುಗಡ್ಡೆ ತುಂಬಬೇಕೋ ಬೇಡವೋ, ಇಷ್ಟೂ ಅಂಗಡಿಯ ಮೂಲೆ ಮೂಲೆಗೆ ತಿಳಿಯುತ್ತದೆ. ಚೀಟಿ ಬರೆಯುವ ಹಂಗಿಲ್ಲ.

ಅಂಗಡಿ ಸಂಸ್ಕೃತಿ ಎಂದು ಈಗ ದೊಡ್ಡ ಮಾತಿನಲ್ಲಿ ಹೇಳುವುದು ನನ್ನ ಮಟ್ಟಿಗೆ ಇಲ್ಲಿಂದ ಶುರುವಾಗುತ್ತದೆ. ನಾನು ಬೆಳೆದದ್ದು ಜವಳಿ ಅಂಗಡಿಯ ಗಲ್ಲಾ ಪಕ್ಕದಲ್ಲಿ. ನಮ್ಮ ಕಡೆಯ ಜವಳಿ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಒಬ್ಬ ಸೇಲ್ಸ್‌ಮನ್. ಅವನು ನಲವತ್ತು ಸೀರೆ ಬಿಚ್ಚಿ ಹಾಕುವಾಗ ಉಳಿದ ನಾಲ್ವರು ಕಪಾಟಿಗೆ ಒರಗಿ ಫ್ಯಾನು ನೋಡುತ್ತಿರುತ್ತಾರೆ. ಅವನ ಗಿರಾಕಿ ಅವನದು, ಇವನ ಗಿರಾಕಿ ಇವನದು. ವ್ಯಾಪಾರ ಕುದುರಿದರೆ ಸಂತೋಷ ಒಬ್ಬನಿಗೆ, ಸೀರೆ ಮಡಚುವ ಬೇಸರವೂ ಒಬ್ಬನಿಗೇ. ಆಮೇಲೆ ಧಣಿಗಳು ಗಲ್ಲಾದಿಂದಲೇ, ಏನಯ್ಯಾ ಎಲ್ಲರೂ ಹೀಗೆ ಮಂಕು ಹಿಡಿದು ನಿಂತಿದ್ದೀರಿ ಎಂದು ಗದರುತ್ತಾರೆ. ಗದರಿದರೆ ಹುರುಪು ಬರುವುದಾಗಿದ್ದರೆ ನಮ್ಮೂರಿನ ರಥಬೀದಿಯ ಅಂಗಡಿಗಳೆಲ್ಲ ಹಬ್ಬದ ಹಾಗಿರಬೇಕಿತ್ತು.

ಗದರುವ ಧಣಿ ಇಲ್ಲಿಯೂ ಇದ್ದರು. ಜಾನ್ ಯೊಕೊಯಾಮ ಈ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. 1965ರಲ್ಲಿ ಅಂಗಡಿಯನ್ನೇ ಕೊಂಡರು. ಹೊಸದಾಗಿ ಕೊಂಡಿದ್ದ ಕಾರಿನ ಕಂತು ಕಟ್ಟಲು ಸಂಬಳ ಸಾಲುತ್ತಿರಲಿಲ್ಲ, ಅದೂ ಒಂದು ಕಾರಣ ಎಂದು ಅವರೇ ಹೇಳಿಕೊಂಡಿದ್ದಾರೆ. ಸಂಬಳದವನು ಸಾಹುಕಾರನಾದಾಗ ಹಿಂದಿನ ಸಾಹುಕಾರನನ್ನೇ ಅನುಕರಿಸುತ್ತಾನೆ. ಯೊಕೊಯಾಮರೂ ಹಾಗೇ ಮಾಡಿದರು. ಕೂಗಾಡುವುದು, ತಪ್ಪು ಹುಡುಕುವುದು, ಹೆದರಿಸಿ ಕೆಲಸ ತೆಗೆಯುವುದು: ತಾವು ಎಂಥ ಯಜಮಾನ ಆಗಿದ್ದೆವು ಎಂಬುದನ್ನು ಜೋಸೆಫ್ ಮಿಚೆಲಿ ಜೊತೆ ಸೇರಿ 2004ರಲ್ಲಿ ಹೊರತಂದ ‘ವೆನ್ ಫಿಶ್ ಫ್ಲೈ’ ಪುಸ್ತಕದಲ್ಲಿ ಅವರು ಮುಚ್ಚಿಡದೆ ಬರೆದರು.

1986ರ ಹೊತ್ತಿಗೆ ಸಗಟು ವ್ಯಾಪಾರಕ್ಕೆ ಕೈಹಾಕಿ ಅಂಗಡಿ ನಷ್ಟಕ್ಕೆ ಬಿತ್ತು. ದಿವಾಳಿ ಬಾಗಿಲಲ್ಲಿತ್ತು. ಆಗ ಜಿಮ್ ಬರ್ಗ್‌ಕ್ವಿಸ್ಟ್ ಎಂಬ ಸಲಹೆಗಾರರನ್ನು ಕರೆಸಿದರು. ಮೀನಂಗಡಿಗೆ ಸಲಹೆಗಾರ! ಕೆಲಸದವರಿಗೆ ನಗು ಬಂದಿದ್ದರೆ ತಪ್ಪಿಲ್ಲ. ಮುಂದೇನು ಮಾಡೋಣ ಎಂದು ಎಲ್ಲರನ್ನೂ ಕೂರಿಸಿ ಕೇಳಿದಾಗ ಕೆಲಸದ ಒಬ್ಬ ಹುಡುಗ, ಜಗತ್‌ಪ್ರಸಿದ್ಧರಾಗೋಣ ಎಂದುಬಿಟ್ಟ. ಅದು ತಮಾಷೆಗೆ ಹೇಳಿದ ಮಾತಾಗಿದ್ದರೂ ಮಾಲೀಕರು ಅದನ್ನು ತಳ್ಳಿಹಾಕಲಿಲ್ಲ ಎಂಬುದು ಮುಖ್ಯ. ಮೀನು ಕಳಿಸುವ ಪೆಟ್ಟಿಗೆಗಳ ಮೇಲೆ ‘ವರ್ಲ್ಡ್ ಫೇಮಸ್’ ಎಂದು ಅಚ್ಚು ಹಾಕಿಸಿದರು. ಜಾಹೀರಾತಿಗೆ ಬಿಡಿಗಾಸು ಇರಲಿಲ್ಲ. ಆ ಹೊತ್ತಿನಲ್ಲಿ ಪೆಟ್ಟಿಗೆ ಹೇಳಿದ್ದು ಅಪ್ಪಟ ಸುಳ್ಳು.

ಸುಳ್ಳನ್ನು ನಿಜ ಮಾಡಲು ಅವರು ಹಿಡಿದ ದಾರಿ ನನಗೆ ಎಸೆತಕ್ಕಿಂತ ಕುತೂಹಲದ್ದು ಅನಿಸುತ್ತದೆ. ಮಾಲೀಕರು, ಕೆಲಸದವರು ಎಲ್ಲ ಆಗಾಗ ಒಟ್ಟಿಗೆ ಕೂತು ಊಟ ಮಾಡಿ ಮಾತಾಡತೊಡಗಿದರು. ಆ ಮಾತುಕತೆಯಲ್ಲಿ ಒಂದು ಕರಾರು ಹುಟ್ಟಿತು: ಅಂಗಡಿಯಲ್ಲಿ ಯಾರು ಯಾರನ್ನು ಬೇಕಾದರೂ ತಿದ್ದಬಹುದು. ಹೊಸಬ ಹಳಬನನ್ನು ತಿದ್ದಬಹುದು, ಮಾಲೀಕನನ್ನೂ ತಿದ್ದಬಹುದು. ತಿದ್ದಿಸಿಕೊಂಡವರು ಎದುರುತ್ತರ ಕೊಡದೆ ಮೊದಲು ಕೇಳಿಸಿಕೊಳ್ಳಬೇಕು. ಹೇಳುವುದು ಸುಲಭ. ಇಪ್ಪತ್ತು ವರ್ಷ ಗದರಿ ಅಭ್ಯಾಸವಾದ ಯಜಮಾನರೊಬ್ಬರು ಮೊನ್ನೆ ಸೇರಿದ ಹುಡುಗನಿಂದ, ನೀವೀಗ ಕೂಗಾಡಿದ್ದು ಸರಿಯಲ್ಲ ಎಂದು ಕೇಳಿಸಿಕೊಳ್ಳುವುದನ್ನು ಊಹಿಸಿ. ನಮ್ಮ ಎಷ್ಟು ಅಂಗಡಿಗಳ ಗಲ್ಲಾ ಈ ಮಾತನ್ನು ತಡೆದುಕೊಂಡೀತು?

1990ರಲ್ಲಿ ಗುಡ್‌ವಿಲ್ ಕ್ರೀಡಾಕೂಟ ಸಿಯಾಟಲ್‌ನಲ್ಲಿ ನಡೆಯಿತು, ಟಿವಿ ಕ್ಯಾಮೆರಾಗಳು ಊರಿಗೆ ಬಂದವು, ಹಾರುವ ಮೀನು ಮನೆಮನೆಗಳ ಪರದೆಯ ಮೇಲೆ ಕಾಣಿಸಿತು. ಪೆಟ್ಟಿಗೆಯ ಮೇಲಿನ ಮಾತು ಮೆಲ್ಲಗೆ ನಿಜವಾಗತೊಡಗಿತು.

ಕಟ್ಟೆಯ ಒಂದು ತುದಿಯಲ್ಲಿ ಬಾಯಿ ಅಗಲಿಸಿಕೊಂಡ ಮಾಂಕ್‌ಫಿಶ್ ಒಂದನ್ನು ಇಡುವ ಪದ್ಧತಿ ಈ ಅಂಗಡಿಯಲ್ಲಿ ಹಳೆಯದು. ವಿಕಾರವೆಂದರೆ ವಿಕಾರ, ಅರ್ಧ ದೇಹ ಬಾಯಿ, ಬಾಯಿ ತುಂಬ ಸೂಜಿಹಲ್ಲು. ಯಾರಾದರೂ ಬಗ್ಗಿ ನೋಡಿದರೆ ಕೆಲಸದವನೊಬ್ಬ ದೂರದಿಂದ ದಾರ ಎಳೆಯುತ್ತಾನೆ, ಮೀನು ಬಾಯಾಡಿಸುತ್ತದೆ, ನೋಡುವವರು ಕಿರುಚಿ ಹಿಂದಕ್ಕೆ ಹಾರುತ್ತಾರೆ. ದಾರ ಎಳೆಯುವವನು ಮುಖದಲ್ಲಿ ಏನೂ ತೋರಿಸುವುದಿಲ್ಲ, ಏಡಿ ಜೋಡಿಸುವುದರಲ್ಲೇ ಮಗ್ನ. ಇದನ್ನು ಯಾವ ತರಬೇತಿ ಇಲಾಖೆಯೂ ರೂಪಿಸಿದ್ದಲ್ಲ. ಮೂರು ಗಂಟೆಯ ಮಂಪರಿನಲ್ಲಿ ಮಂಜುಗಡ್ಡೆಯ ಎದುರು ನಿಂತು ಕೈ ಮರಗಟ್ಟಿದವರು ತಮ್ಮನ್ನು ತಾವು ಎಚ್ಚರವಾಗಿಟ್ಟುಕೊಳ್ಳಲು ಕಂಡುಕೊಂಡ ಕಿತಾಪತಿ ಇದು, ಮತ್ತು ಅದನ್ನು ಬೇಡ ಎನ್ನದಿರುವುದಷ್ಟೇ ಇಲ್ಲಿ ಯಜಮಾನಿಕೆಯ ಕೆಲಸ.

ನೋಡುವವರು ನೂರು, ಕೊಳ್ಳುವವರು ಹತ್ತು. ಹೋಟೆಲಿನಲ್ಲಿ ತಂಗಿದ ಪ್ರವಾಸಿ ಹಸಿ ಸಾಲ್ಮನ್ ಕೊಂಡು ಮಾಡುವುದೇನು? ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಇಷ್ಟೆಲ್ಲ ಕೂಗು ಖರ್ಚಿನ ಬಾಬತ್ತು. ಉತ್ತರ ಇರುವುದು ಪೆಟ್ಟಿಗೆಯಲ್ಲಿ. ವಿಮಾನ ಹತ್ತುವವರಿಗೆ 48 ಗಂಟೆ ಕೆಡದಂತೆ ಮಂಜುಗಡ್ಡೆ ತುಂಬಿ ಕಟ್ಟಿಕೊಡುತ್ತಾರೆ, ಇಲ್ಲವೇ ಅಮೆರಿಕದ ಯಾವ ಊರಿಗಾದರೂ ಮರುದಿನ ತಲುಪುವಂತೆ ಕಳಿಸುತ್ತಾರೆ. ಮಿನೆಸೋಟಕ್ಕೆ ಎಂಬ ಕೂಗು ಬರೀ ಲಾವಣಿಯಲ್ಲ, ವಿಳಾಸ.

ಅಣ್ಣನ ಮಗಳು ಸಾಕೈ ಕೇಳಿದಳು. ಹೇಗೆ ಬೇಯಿಸುತ್ತೀಯ ಎಂದು ಮುಂದಿದ್ದವನು ವಿಚಾರಿಸಿದ. ಮೆಣಸು ಅರೆದು ಹಚ್ಚಿ ಕಾವಲಿಯ ಮೇಲೆ, ಅಂದಳು. ಅವನು ಸಾಕೈಯನ್ನು ಮರಳಿ ಮಂಜುಗಡ್ಡೆಗೆ ಇಟ್ಟ. ಸಾಕೈಯಲ್ಲಿ ಕೊಬ್ಬು ಕಡಿಮೆ, ಕಾವಲಿಯ ಮೇಲೆ ಕಣ್ಣು ತಪ್ಪಿದರೆ ಒಣಗಿ ನಾರಾಗುತ್ತದೆ. ಕಿಂಗ್ ಕೊಬ್ಬಿನ ಮೀನು, ಬಿಸಿ ತಡೆಯುತ್ತದೆ ಎಂದು ವಿವರಿಸಿದ. ಕಿಂಗ್ ಬೆಲೆಯೂ ಹೆಚ್ಚು, ಅದನ್ನೂ ಹೇಳಿದ. ಹೆಚ್ಚಿನ ಬೆಲೆಯದನ್ನು ತಲೆಗೆ ಕಟ್ಟುವ ಚಾಲಾಕಿಯೋ ಎಂದು ನನಗೆ ಅನುಮಾನ ಬಂದದ್ದು ನಿಜ, ಜವಳಿ ಅಂಗಡಿಯ ರಕ್ತ. ಆದರೆ ಅವನು ಅರ್ಧ ಮೀನು ಸಾಕು, ಮೂರು ಜನಕ್ಕೆ ಪೂರ್ತಿ ಯಾಕೆ ಅಂದ. ನಮ್ಮ ಅರ್ಧ ಮೀನನ್ನು ಯಾರೂ ಎಸೆಯಲಿಲ್ಲ. ಆ ಐದು ನಿಮಿಷ ಅವನು ನಮ್ಮ ಹಿಂದಿನ ಜನರ ಕ್ಯಾಮೆರಾಗಳ ಕಡೆ ಒಮ್ಮೆಯೂ ನೋಡಲಿಲ್ಲ.

2011ರಲ್ಲಿ ಈ ಅಂಗಡಿ, ಕಡಲನ್ನು ಬರಿದು ಮಾಡದ ರೀತಿಯಲ್ಲಿ ಹಿಡಿದ ಮೀನನ್ನಷ್ಟೇ ಮಾರುತ್ತೇವೆ ಎಂದು ಸಾರಿತು; ಮಾಂಟೆರೆ ಬೇ ಅಕ್ವೇರಿಯಂನ ಸೀಫುಡ್ ವಾಚ್ ಪಟ್ಟಿಯನ್ನು ಅಳತೆಗೋಲು ಮಾಡಿಕೊಂಡಿತು. ಅಂದಮೇಲೆ ಎದುರು ನಿಂತು ಮಾರುವವನಿಗೆ ಯಾವ ಮೀನು ಯಾವ ನೀರಿನದು, ಬಲೆಯೋ ಗಾಳವೋ ಎಂಬುದೆಲ್ಲ ಗೊತ್ತಿರಲೇಬೇಕು. ಕೆಲಸದ ಮೇಲಿನ ಅಭಿಮಾನ ಬರುವುದು ಇಂಥ ತಿಳಿವಳಿಕೆಯಿಂದ. ತನ್ನ ಸರಕಿನ ಬಗ್ಗೆ ಗಿರಾಕಿಗಿಂತ ಕಡಿಮೆ ತಿಳಿದ ಮಾರಾಟಗಾರನಿಗೆ ನಗುನಗುತ್ತ ಇರು ಎಂದು ಹೇಳಿ ಪ್ರಯೋಜನವಿಲ್ಲ.

ಎಲ್ಲರಿಗೂ ಈ ಹಾರಾಟ ಹಿಡಿಸಿದೆ ಎಂದಲ್ಲ. 2009ರಲ್ಲಿ ಪಶುವೈದ್ಯರ ಸಮ್ಮೇಳನವೊಂದರಲ್ಲಿ ಮೀನು ಎಸೆದು ತೋರಿಸುವ ಕಾರ್ಯಕ್ರಮ ನಿಗದಿಯಾದಾಗ ಪ್ರಾಣಿದಯಾ ಸಂಘಟನೆ ಪೆಟಾ ವಿರೋಧಿಸಿತು. ಸತ್ತ ಜೀವವನ್ನು ಆಟದ ಸಾಮಾನು ಮಾಡಬೇಡಿ ಎಂಬುದು ಅವರ ವಾದದ ತಿರುಳು. ಮೀನು ತಿನ್ನುವ ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗದಿದ್ದರೂ, ಗುಂಪು ಹೆಚ್ಚಾಗಿ ಕೊಳ್ಳುವವರಿಲ್ಲದೆ ಬರೀ ಎಸೆಯಿರಿ ಎಸೆಯಿರಿ ಎಂದು ಕೂಗುವ ಹೊತ್ತಿನಲ್ಲಿ ಅದು ನೆನಪಾಗದೆ ಇರಲಿಲ್ಲ.

ಅಂಗಡಿಯನ್ನು ಬಿಟ್ಟು ಕೈಸಾಲೆಯಲ್ಲಿ ಮುಂದೆ ನಡೆದರೆ ಇನ್ನೂ ಮೀನಂಗಡಿಗಳು ಸಿಗುತ್ತವೆ. ಪ್ಯೂರ್ ಫುಡ್ ಫಿಶ್ ಇದೆ. ಸಿಟಿ ಫಿಶ್ ಇದೆ; ಮೀನಿನ ಬೆಲೆ ಏರಿದ್ದ 1917ರಲ್ಲಿ ನಗರಾಡಳಿತವೇ ಜನರಿಗೆ ಅಗ್ಗವಾಗಿ ಸಿಗಲೆಂದು ಆರಂಭಿಸಿದ್ದು. ಇಲ್ಲೆಲ್ಲ ಮೂಲೆಯಂಗಡಿಯ ಗದ್ದಲವಿಲ್ಲ, ಕೈಯಿಂದ ಕೈಗೆ ಮೀನು, ಮೆಲುದನಿಯ ಮಾತು, ಹಳೆಯ ಗಿರಾಕಿಗಳು. ಇವರ ಮೀನೂ ಒಳ್ಳೆಯದೇ. ಹುರುಪೆಂದರೆ ಗದ್ದಲ ಎಂದುಕೊಂಡು ಬಂದವರು ಈ ಅಂಗಡಿಗಳ ಎದುರೂ ಸ್ವಲ್ಪ ನಿಲ್ಲಬೇಕು.

ಈ ಇಡೀ ಮಾರುಕಟ್ಟೆ ಹುಟ್ಟಿದ್ದು ಒಂದು ಸಿಟ್ಟಿನಿಂದ. 1906-07ರಲ್ಲಿ ಈರುಳ್ಳಿಯ ಬೆಲೆ ಹತ್ತು ಪಟ್ಟು ಏರಿತು. ರೈತನಿಗೆ ಸಿಗದ, ಕೊಳ್ಳುವವನಿಗೆ ಎಟುಕದ ಹಣ ದಲ್ಲಾಳಿಗಳ ಕೈ ಸೇರುತ್ತಿತ್ತು. ನಗರಸಭೆಯ ಸದಸ್ಯ ಥಾಮಸ್ ರೆವೆಲ್, ರೈತರೇ ಗಾಡಿ ನಿಲ್ಲಿಸಿ ಮಾರಲಿ ಎಂದು ಪಟ್ಟು ಹಿಡಿದರು. 1907ರ ಆಗಸ್ಟ್ 17ರಂದು ಬೆರಳೆಣಿಕೆಯ ಗಾಡಿಗಳು ಬಂದವು, ಮುಗಿಬಿದ್ದ ಜನ ಎಲ್ಲವನ್ನೂ ಖಾಲಿ ಮಾಡಿದರು. ಮುಂದಿನ ದಶಕಗಳಲ್ಲಿ ಇಲ್ಲಿನ ತರಕಾರಿ ಕಟ್ಟೆಗಳಲ್ಲಿ ಹೆಚ್ಚಿನವು ಜಪಾನೀ ಮೂಲದ ರೈತರವಾದವು. 1942ರಲ್ಲಿ ಸರ್ಕಾರ ಅವರನ್ನೆಲ್ಲ ಸೆರೆಶಿಬಿರಗಳಿಗೆ ಸಾಗಿಸಿತು. ಕಟ್ಟೆಗಳು ಬರಿದಾದವು, ಬಹುಪಾಲು ಜನ ಮರಳಲೇ ಇಲ್ಲ. ಪ್ರವೇಶದ ಹತ್ತಿರ ತಲೆ ಎತ್ತಿದರೆ ಅಕಿ ಸೊಗಾಬೆ ರಚಿಸಿದ ಐದು ಚಿತ್ರಫಲಕಗಳಲ್ಲಿ ಈ ಕತೆ ಇದೆ. ಕೆಳಗೆ ಮೀನು ಹಾರುತ್ತಿರುವುದರಿಂದ ಯಾರೂ ತಲೆ ಎತ್ತುವುದಿಲ್ಲ. ಆಮೇಲೆ ಈ ಮಾರುಕಟ್ಟೆಯನ್ನೇ ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವ ಯೋಜನೆ ಎದ್ದಾಗ ವಾಸ್ತುಶಿಲ್ಪಿ ವಿಕ್ಟರ್ ಸ್ಟೈನ್‌ಬ್ರೂಕ್ ಮುಂದೆ ನಿಂತರು, 1971ರಲ್ಲಿ ನಾಗರಿಕರು ಮತ ಹಾಕಿ ಅದನ್ನು ಉಳಿಸಿಕೊಂಡರು.

ಉಳಿಸಿಕೊಂಡದ್ದರ ಜೊತೆ ಒಂದು ಕಟ್ಟುಪಾಡೂ ಬಂತು, ನಮ್ಮ ವಿಷಯಕ್ಕೆ ಅದೇ ಮುಖ್ಯ. ಸರಣಿ ಮಳಿಗೆಗಳಿಗೆ ಇಲ್ಲಿ ಜಾಗವಿಲ್ಲ. ಮಾಲೀಕರೇ ನಿಂತು ನಡೆಸುವ ಅಂಗಡಿ ಬೇಕು. ಎದುರಿನ ಸ್ಟಾರ್‌ಬಕ್ಸ್‌ಗೆ ವಿನಾಯಿತಿ, ಅದು 1971ರಲ್ಲಿ ಈ ಆಸುಪಾಸಿನಲ್ಲೇ ಹುಟ್ಟಿದ ಕೂಸು. ಅದರ ಮುಂದಿನ ಸಾಲನ್ನು ನೋಡಿ ನಾವು ಕಾಫಿಯ ಆಸೆ ಬಿಟ್ಟೆವು. ಕರಕುಶಲದವರಿಗೆ ಇಲ್ಲಿ ಕಾಯಂ ಜಾಗವಿಲ್ಲ. ಬೆಳಿಗ್ಗೆ ಹಾಜರಿ ಕರೆಯುತ್ತಾರೆ, ಹಿರಿತನದ ಮೇಲೆ ಆ ದಿನದ ಕಟ್ಟೆ ಆರಿಸಿಕೊಳ್ಳಬೇಕು. ಹಾಡುವವರಿಗೂ ನಿಯಮ: ನೆಲದ ಮೇಲೆ ಬಣ್ಣದಲ್ಲಿ ಸ್ವರಚಿಹ್ನೆ ಬರೆದ ಕಡೆ ಮಾತ್ರ ನಿಲ್ಲಬೇಕು, ಚಿಹ್ನೆಯೊಳಗಿನ ಸಂಖ್ಯೆ ಎಷ್ಟು ಜನ ಹಾಡಬಹುದೆಂದು ಹೇಳುತ್ತದೆ. ಹೊರಗಿನಿಂದ ಸಂತೆಯ ಗೊಂದಲದಂತೆ ಕಾಣುವುದರ ಕೆಳಗೆ ಇಷ್ಟೊಂದು ಶಿಸ್ತು.

ಮೀನಂಗಡಿಯ ಹುರುಪು ಊರು ದಾಟಿದ ಕತೆಯೇ ಬೇರೆ. ಚಾರ್ಟ್‌ಹೌಸ್ ಎಂಬ ತರಬೇತಿ ಚಿತ್ರಗಳ ಕಂಪನಿಯ ಜಾನ್ ಕ್ರಿಸ್ಟೆನ್ಸೆನ್ ಬೇರೊಂದು ಚಿತ್ರೀಕರಣಕ್ಕೆ ಬಂದವರು ಬಿಡುವಿನಲ್ಲಿ ಇಲ್ಲಿ ಅಡ್ಡಾಡಿದರು, ನೋಡಿ ಬೆರಗಾದರು. 1998ರಲ್ಲಿ ‘ಫಿಶ್!’ ಎಂಬ ಕಿರುಚಿತ್ರ, 2000ದಲ್ಲಿ ಸ್ಟೀಫನ್ ಲಂಡಿನ್ ಮತ್ತು ಹ್ಯಾರಿ ಪಾಲ್ ಜೊತೆ ಅದೇ ಹೆಸರಿನ ಪುಸ್ತಕ. ಆಟವಾಡಿ, ಎದುರಿನವರ ದಿನ ಬೆಳಗಿಸಿ, ಮನಸ್ಸಿಟ್ಟು ಎದುರಿಗಿರಿ, ನಿಮ್ಮ ಮನೋಭಾವವನ್ನು ನೀವೇ ಆರಿಸಿಕೊಳ್ಳಿ ಎಂಬ ನಾಲ್ಕು ಸೂತ್ರಗಳು ಅದರವು. ಸೂತ್ರ ಕಟ್ಟಿದವರು ಚಿತ್ರ ತೆಗೆದವರೇ ಹೊರತು ಮೀನು ಮಾರುವವರಲ್ಲ. ಪುಸ್ತಕದ ಕತೆ ನಡೆಯುವುದೂ ಮೀನಂಗಡಿಯಲ್ಲಲ್ಲ, ಕಲ್ಪನೆಯ ಒಂದು ಹಣಕಾಸು ಕಂಪನಿಯ ಮಂಕು ಕವಿದ ಮೂರನೇ ಮಹಡಿಯಲ್ಲಿ.

ಬೆಂಗಳೂರಿಗೂ ಅದು ಬಂತು. ನಾನು ಹಿಂದೆ ದುಡಿಯುತ್ತಿದ್ದ ಕಚೇರಿಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಆ ಚಿತ್ರ ತೋರಿಸಿದರು. ಸೋಮವಾರ ಬರುವಷ್ಟರಲ್ಲಿ ಗೋಡೆಗೆ ಬಣ್ಣದ ಕಾಗದದ ಮೀನುಗಳು ಅಂಟಿದ್ದವು. ರಜೆ ಕೇಳಿದರೆ ಕೊಡುತ್ತಿರಲಿಲ್ಲ, ರಾತ್ರಿ ಪಾಳಿಯ ಕ್ಯಾಬು ಹೊತ್ತಿಗೆ ಬರುತ್ತಿರಲಿಲ್ಲ, ಆದರೆ ಮನೋಭಾವವನ್ನು ಆರಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯವಿತ್ತು. ನಾಲ್ಕನೆಯ ಸೂತ್ರದ ಅಪಾಯ ಇದು. ಮೀನಂಗಡಿಯಲ್ಲಿ ಅದು ಒಬ್ಬ ಕೆಲಸಗಾರ ತನಗೆ ತಾನೇ ಹೇಳಿಕೊಳ್ಳುವ ಮಾತು. ಮೇಲಿನವರು ಕೆಳಗಿನವರಿಗೆ ಹೇಳಿದಾಗ ಅದರ ಅರ್ಥ, ನಿನ್ನ ಬೇಸರ ನಿನ್ನದೇ ತಪ್ಪು ಎಂದಾಗುತ್ತದೆ. ಅಂಗಡಿಯಿಂದ ಕಚೇರಿಗೆ ಹಾರಿದ್ದು ಎಸೆತ ಮಾತ್ರ. ಯಾರು ಯಾರನ್ನಾದರೂ ತಿದ್ದಬಹುದು ಎಂಬ ಕರಾರು ಪೆಟ್ಟಿಗೆಯಲ್ಲೇ ಉಳಿಯಿತು.

ನಮ್ಮ ಚಿಲ್ಲರೆ ವ್ಯಾಪಾರದಲ್ಲಿ ಹುರುಪಿನ ಮಾತೆತ್ತುವ ಮೊದಲು ಇತ್ಯರ್ಥವಾ­ಗಬೇಕಾದ ಸಣ್ಣ ಸಂಗತಿಗಳಿವೆ. ಜವಳಿ ಮಳಿಗೆಗಳಲ್ಲಿ ದಿನವಿಡೀ ನಿಂತೇ ಇರಬೇಕಾದ ಹೆಣ್ಣುಮಕ್ಕಳು ಹೋರಾಡಿದ ಮೇಲೆ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು, ಗಿರಾಕಿ ಇಲ್ಲದಾಗ ಕೂರಲು ಆಸನ ಕೊಡಬೇಕೆಂದು ಕಾನೂನು ತಿದ್ದಿದವು. ಒಂದು ಸ್ಟೂಲಿಗೆ ಕಾನೂನು ಬೇಕಾಯಿತು! ಸಿಯಾಟಲ್‌ನಲ್ಲಿ 2025ರಲ್ಲಿ ಕನಿಷ್ಠ ವೇತನ ಗಂಟೆಗೆ 20.76 ಡಾಲರ್ ಇತ್ತು. ಅಮೆರಿಕದ ದುಬಾರಿ ನಗರಗಳಲ್ಲಿ ಇದು ದೊಡ್ಡ ಸಂಬಳವೇನಲ್ಲ, ಆದರೂ ಕೂಗಿ ಕೂಗಿ ಗಂಟಲು ಕಟ್ಟಿದವನಿಗೆ ಕಾಲಡಿ ಒಂದು ನೆಲವಿದೆ.

ಯೊಕೊಯಾಮ 2018ರಲ್ಲಿ ಅಂಗಡಿ ಬಿಟ್ಟುಕೊಟ್ಟರು. ಐವತ್ತು ವರ್ಷ ದಾಟಿದ ಯಜಮಾನಿಕೆ, ಜಗತ್ತಿಗೆಲ್ಲ ಗೊತ್ತಾದ ಹೆಸರು. ಕೊಳ್ಳಲು ಬರುವ ಬಂಡವಾಳಗಾರರಿಗೆ ಬರವಿರಲಾರದು. ಮಾರಿದ್ದು ಅಲ್ಲೇ ಮೀನು ಎಸೆಯುತ್ತಿದ್ದ ನಾಲ್ವರಿಗೆ: ರಯಾನ್ ರೀಸ್, ಜೇಸನ್ ಸ್ಕಾಟ್, ಸ್ಯಾಮ್ಯುಯೆಲ್ ಸ್ಯಾಮ್ಸನ್, ಆ್ಯಂಡರ್ಸ್ ಮಿಲ್ಲರ್. ಯೊಕೊಯಾಮ ಸಂಬಳದ ಹುಡುಗನಾಗಿದ್ದು ಧಣಿಯಾದ ಹಾಗೆಯೇ ಇವರೂ ಆದರು. ನಮ್ಮಲ್ಲಿ ಅಂಗಡಿ ಮಗನಿಗೆ ಹೋಗುತ್ತದೆ, ಮಗನಿಗೆ ಬೇಡವಾದರೆ ಬಾಗಿಲು ಹಾಕುತ್ತದೆ. ಮೂವತ್ತು ವರ್ಷ ಸೀರೆ ಮಡಚಿದವನಿಗೆ ಹೋದ ಅಂಗಡಿಯನ್ನು ನಾನು ಕುಂದಾಪುರದಲ್ಲಿ ಕಂಡಿಲ್ಲ. ಎದುರು ನಿಂತು ಕೂಗುವ ಹುಡುಗನಿಗೆ, ಈ ಗಲ್ಲಾ ಮುಟ್ಟಲಾಗದ ವಸ್ತುವಲ್ಲ ಎಂದು ಕಣ್ಣೆದುರೇ ಸಾಕ್ಷಿ ಇದ್ದರೆ ಅವನ ಕೂಗಿನಲ್ಲಿ ವ್ಯತ್ಯಾಸ ಬಾರದೆ ಇದ್ದೀತೇ?

ಹೋಗುವವರಿಗೆ ಒಂದೆರಡು ಮಾತು. ಲಘು ರೈಲಿನಲ್ಲಿ ವೆಸ್ಟ್‌ಲೇಕ್ ನಿಲ್ದಾಣಕ್ಕೆ ಬಂದರೆ ಮಾರುಕಟ್ಟೆ ಕಾಲ್ನಡಿಗೆಯ ದೂರ. ಮಾರುಕಟ್ಟೆಗೆ ರಜೆ ಇರುವುದು ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ಮಾತ್ರ. ಮೇ ತಿಂಗಳ ನಡುವಿನಿಂದ ಅಲಾಸ್ಕದ ಕಾಪರ್ ನದಿಯ ಸಾಲ್ಮನ್ ಬರತೊಡಗುತ್ತದೆ, ಜೇಬು ಗಟ್ಟಿಯಿದ್ದವರು ಆಗ ಹೋಗಬೇಕು. ಹಿಂಬದಿಯ ಮೆಟ್ಟಿಲಿಳಿದರೆ ಪೋಸ್ಟ್ ಆ್ಯಲಿ ಎಂಬ ಓಣಿಯಲ್ಲಿ ಅಗಿದ ಚೂಯಿಂಗ್ ಗಮ್ ಅಂಟಿಸಿದ ಗೋಡೆಯೊಂದಿದೆ; ನೋಡದಿದ್ದರೆ ನಷ್ಟವಿಲ್ಲ. ಹಾರುವ ಮೀನಿನ ಫೋಟೊ ಬೇಕಿದ್ದರೆ ಬೇಸಿಗೆಯ ಶನಿವಾರ ಮಧ್ಯಾಹ್ನ ಸರಿ, ಮುಂದಿನವರ ತಲೆಗಳೂ ಜೊತೆಗೆ ಬರುತ್ತವೆ. ಅಂಗಡಿ ಇಟ್ಟವರು, ಇಡಬೇಕೆಂದಿರುವವರು ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಆಗ ಎಸೆಯುವುದಕ್ಕೆ ಗಿರಾಕಿಗಳಿರುವುದಿಲ್ಲ. ಸಲಿಕೆಯಲ್ಲಿ ಮಂಜುಗಡ್ಡೆ ಸುರಿಯುವವರು ಯಾರು, ಮೀನು ಜೋಡಿಸುವವರು ಯಾರು, ನೆಲ ತೊಳೆಯುವವರು ಯಾರು ಎಂದು ನೋಡಿ. ಅವರಲ್ಲಿ ಮಾಲೀಕ ಯಾರು ಎಂದು ಗುರುತಿಸಲು ಪ್ರಯತ್ನಿಸಿ.